ಜಪಾನ್ ರತ್ನಮ್ಮನ ಸಾರು

ಕಳೆದ ಭಾನುವಾರ ನಮ್ಮ ಯಜಮಾನರಿಗೆ ಅಡುಗೆಮನೆ ಚೊಕ್ಕಟ ಮಾಡುವ ಹುಮ್ಮಸ್ಸು ಬಂತು. ವರ್ಷಕ್ಕೊಮ್ಮೆ ಬರುವ ಹುಮ್ಮಸ್ಸು. ಬಂದಾಗ ನಾನು ಅಡ್ಡ ಹೋಗುವುದಿಲ್ಲ. ಮೇಲಿನ ಶೆಲ್ಫಿನಲ್ಲಿ ಹಪ್ಪಳದ ಡಬ್ಬದ ಹಿಂದೆ ಕೈ ಹಾಕಿ ಒಂದು ತೆಳ್ಳನೆಯ ಪೊಟ್ಟಣ ಎಳೆದರು. ಒಳಗಿನ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು:

“ಅಲ್ಲಾ, ಕಾರ್ಬನ್ ಪೇಪರ್ ತಂದು ಅಡಿಗಿಮನ್ಯಾಗ ಯಾಕ ಇಟ್ಟಿ?”

ಕಾರ್ಬನ್ ಪೇಪರ್ ಅಲ್ಲ, ಸಮುದ್ರದ ಪಾಚಿ, ಜಪಾನಿನವರು ಅದರಲ್ಲಿ ಅನ್ನ ಸುತ್ತಿ ತಿನ್ನುತ್ತಾರೆ ಎಂದೆ. ಎರಡು ವರ್ಷದ ಹಿಂದೆ ಅಂಥದ್ದೇ ಹಾಳೆಯಲ್ಲಿ ನಾನು ಸುತ್ತಿಕೊಟ್ಟದ್ದನ್ನು ತಿಂದವರೇ ಅವರು. ಮರೆತಿದ್ದಾರೆ, ಅಥವಾ ಮರೆಯಬೇಕೆಂದು ನಿರ್ಧರಿಸಿದ್ದಾರೆ. “ಒಗೀಲೇನು?” ಎಂದರು. ಬೇಡ ಎಂದೆ. ಯಾಕೆ ಬೇಡ ಎನ್ನುವುದನ್ನು ಅವರಿಗೆ ಹೇಳಲು ಹೋದರೆ ಶೆಲ್ಫು ಅರ್ಧಕ್ಕೇ ನಿಂತುಹೋಗುತ್ತಿತ್ತು. ಹಾಗಾಗಿ ನಿಮಗೆ ಹೇಳುತ್ತಿದ್ದೇನೆ.

ನಾನು ಅತ್ತಿಬೆಲೆಯ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಕಾರ್ಖಾನೆಯ ಆಡಳಿತ ವಿಭಾಗದಲ್ಲಿದ್ದೇನೆ. ಆಡಳಿತ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಸಿಬ್ಬಂದಿಯ ಬಸ್ಸು ತಡವಾದರೆ, ಕ್ಯಾಂಟೀನಿನ ಸಾಂಬಾರಿನಲ್ಲಿ ಹುಳು ಸಿಕ್ಕರೆ, ಕೈತೊಳೆಯುವ ನಲ್ಲಿ ಸೋರಿದರೆ ಎಲ್ಲರೂ ಹುಡುಕಿಕೊಂಡು ಬರುವ ಹೆಂಗಸು ನಾನು. ನಮ್ಮಲ್ಲಿ ವಾಹನಗಳ ಬ್ರೇಕಿಗೆ ಬೇಕಾದ, ಹೆಬ್ಬೆರಳಿನಷ್ಟು ಗಾತ್ರದ ಒಂದು ಬಿಡಿಭಾಗ ತಯಾರಾಗುತ್ತದೆ. ಅದನ್ನು ಕೊಳ್ಳಲು ಜಪಾನಿನ ಒಂದು ಕಂಪನಿ ಮುಂದೆ ಬಂದಿತ್ತು. ಅವರ ಕಡೆಯ ಪರೀಕ್ಷಕರೊಬ್ಬರು ಎರಡು ತಿಂಗಳು ಇಲ್ಲೇ ಇದ್ದು, ಒಂದೊಂದು ಯಂತ್ರವನ್ನೂ ನೋಡಿ, ಸರಿಯಿದೆ ಎಂದು ಸಹಿ ಹಾಕಬೇಕು. ಸಹಿ ಬಿದ್ದರೆ ತಯಾರಿಕೆಯ ಹೊಸ ಲೈನು ಶುರು, ಗುತ್ತಿಗೆಯಲ್ಲಿ ದುಡಿಯುತ್ತಿದ್ದ ನಲವತ್ತು ಜನ ಕಾಯಂ. ಬೀಳದಿದ್ದರೆ ಯಂತ್ರಗಳಿಗೆ ಪ್ಲಾಸ್ಟಿಕ್ ಹೊದಿಸುವುದು, ನಲವತ್ತು ಜನರನ್ನು ಮನೆಗೆ ಕಳಿಸುವುದು.

ಬಂದವರ ಹೆಸರು ಹಿರಾನೊ. ಅವರಲ್ಲಿ ಹೆಸರಿನ ಕೊನೆಗೆ ‘ಸಾನ್’ ಹಚ್ಚುತ್ತಾರೆ, ನಮ್ಮ ‘ಅವರು’ ಇದ್ದ ಹಾಗೆ. ಹಿರಾನೊ ಸಾನ್‌ಗೆ ಅರವತ್ತರ ಹತ್ತಿರ. ಬಾಗಿ ವಂದಿಸಿದಾಗ ಎಲ್ಲಿ ಮುರಿದುಹೋಗುತ್ತಾರೋ ಎನ್ನಿಸುವಷ್ಟು ತೆಳ್ಳಗಿದ್ದರು. ಅವರ ಇಂಗ್ಲಿಷ್ ಕುಂಟು, ನನ್ನದೂ ಕುಂಟು. ಎರಡು ಕುಂಟು ಕುದುರೆಗಳು ಹೇಗೋ ಜೊತೆಯಲ್ಲಿ ನಡೆದವು.

ನಮ್ಮ ಫ್ಯಾಕ್ಟರಿ ಮ್ಯಾನೇಜರ್ ಪ್ರಸನ್ನ ಮೊದಲ ದಿನವೇ ನನ್ನನ್ನು ಕರೆದು ಕೆಲಸ ಹಂಚಿಬಿಟ್ಟರು: “ಮೇಡಂ, ಮಷೀನು ನಾನು ನೋಡ್ಕೋತೀನಿ. ಅವ್ರ ಹೊಟ್ಟೆ ನೀವು ನೋಡ್ಕೊಳಿ. ಹೊಟ್ಟೆ ತಣ್ಣಗಿದ್ರೆ ಸಹಿ ತಾನಾಗೇ ಬೀಳುತ್ತೆ.”

ಆ ಹೊಟ್ಟೆಯೇ ನನ್ನ ನಿದ್ದೆ ಕೆಡಿಸಿತು. ಕ್ಯಾಂಟೀನಿನಲ್ಲಿ ಅವರಿಗೆಂದೇ ಖಾರವಿಲ್ಲದ ಬೇಳೆ, ಮೆತ್ತಗಿನ ಅನ್ನ, ಮೊಸರು ಮಾಡಿಸಿದೆ. ಎರಡು ಚಮಚ ತಿಂದು, ಕೈಮುಗಿದು, ಎದ್ದರು. ತಟ್ಟೆಯಲ್ಲಿ ಒಂದಗುಳೂ ಬಿಟ್ಟಿರಲಿಲ್ಲ. ಹಾಕಿಸಿಕೊಂಡದ್ದೇ ಎರಡು ಚಮಚ. ಮರುದಿನವೂ ಅಷ್ಟೇ. ವಾರ ಕಳೆಯುವಷ್ಟರಲ್ಲಿ ಟೂಲ್ ರೂಮಿನವರು ನಗುತ್ತ ಸುದ್ದಿ ತಂದರು: ಜಪಾನ್ ಸಾಹೇಬ್ರು ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡು ಹೋದರಂತೆ. ಅವರು ನಕ್ಕರು, ನನಗೆ ನಗು ಬರಲಿಲ್ಲ. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಮನೆಗೆ ಬಂದವರು ಅರೆಹೊಟ್ಟೆಯಲ್ಲಿ ಎದ್ದರೆ ನಮ್ಮ ಅಜ್ಜಿ ಆ ಹೊತ್ತು ತಾನೂ ಉಣ್ಣುತ್ತಿರಲಿಲ್ಲ. ಅಜ್ಜಿಯ ಲೆಕ್ಕ ಹಿಡಿದಿದ್ದರೆ ನಾನು ಆ ತಿಂಗಳೆಲ್ಲ ಉಪವಾಸ ಇರಬೇಕಾಗಿತ್ತು. ನಾನು ಮಾತ್ರ ಚಿಂತೆಗೆ ಎರಡು ಚಪಾತಿ ಹೆಚ್ಚೇ ತಿನ್ನುತ್ತಿದ್ದೆ.

ಜಪಾನಿ ಊಟ ಹುಡುಕಲು ಹೊರಟೆ. ಸಸ್ಯಾಹಾರಿ ಮನೆತನದವಳು, ಮೊಟ್ಟೆಯನ್ನು ಕೈಯಲ್ಲಿ ಹಿಡಿದವಳಲ್ಲ, ಮೊಬೈಲಿನಲ್ಲಿ ಮೀನಿನ ತುಂಡುಗಳ ಚಿತ್ರ ನೋಡುತ್ತ ಕೂತಿದ್ದನ್ನು ನೀವು ನೋಡಬೇಕಿತ್ತು. ಒಂದು ಶನಿವಾರ ಅವರನ್ನು ಊರೊಳಗೆ ಜಪಾನಿ ಅಡುಗೆ ಸಿಗುವ ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋದೆ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲೇ ಅರ್ಧ ದಿನ ಹೋದ ಹಾಗಾಯಿತು. ಮೆನು ಕೈಗೆ ಬಂದರೆ ಬಲಗಡೆಯ ಸಾಲನ್ನು ಮೊದಲು ಓದುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಅವರ ಕಣ್ಣೂ ಅಲ್ಲೇ ಇತ್ತು. ಬರೀ ಒಂದು ಸೂಪು ಹೇಳಿ, ಅರ್ಧ ಕುಡಿದು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ದಿನಾ ಅಲ್ಲಿಗೆ ಬರುವುದಕ್ಕೆ ಅವರ ಭತ್ಯೆ ಸಾಲದು, ನಮ್ಮ ಕಂಪನಿ ಒಪ್ಪದು. ಎಲೆಕ್ಟ್ರಾನಿಕ್ ಸಿಟಿಯ ಮಾಲಿನಲ್ಲಿ ಅಗ್ಗದ ಜಾಗವೊಂದು ಸಿಕ್ಕಿತು. ಅಲ್ಲಿ ಸುಶಿ ಎಂಬ ಆ ಪಾಚಿ ಸುತ್ತಿದ ಅನ್ನದೊಳಗೆ ಪನೀರ್ ತುಂಬಿ, ಜೊತೆಗೆ ಪುದೀನ ಚಟ್ನಿ ತಂದಿಟ್ಟರು. ಹಿರಾನೊ ಸಾನ್ ಅದನ್ನು ಎತ್ತಿ, ದೋಷವಿರುವ ಬಿಡಿಭಾಗವನ್ನು ನೋಡುವ ಹಾಗೆ ಸುತ್ತ ತಿರುಗಿಸಿ ನೋಡಿ, ಮೆಲ್ಲಗೆ ಕೆಳಗಿಟ್ಟರು.

ಕೊನೆಗೆ ನಾನೇ ಮನೆಯಲ್ಲಿ ಪಾಚಿ ಹಾಳೆ ತರಿಸಿ ಪ್ರಯತ್ನಿಸಿದೆ. ಸೋನಾ ಮಸೂರಿ ಅಕ್ಕಿ, ಕುಕ್ಕರು, ನಾಲ್ಕು ಸೀಟಿ. ಸುತ್ತಿದ್ದನ್ನು ತಟ್ಟೆಯಲ್ಲಿಟ್ಟಾಗ ಯಜಮಾನರು ಬಹಳ ಹೊತ್ತು ನೋಡಿ, “ಬೈಕಿನ ಹ್ಯಾಂಡಲ್ ಗ್ರಿಪ್ ಇದ್ದಂಗ ಐತಿ” ಎಂದರು. ಮರ್ಯಾದೆಯಿಂದ ತಿಂದರು ಕೂಡ. ಕಾರ್ಖಾನೆಗೆ ಅದನ್ನು ಒಯ್ಯುವ ಧೈರ್ಯ ನನಗಾಗಲಿಲ್ಲ.

ಮೂರನೇ ವಾರ ಆಯುಧ ಪೂಜೆ ಬಂತು. ಯಂತ್ರಗಳಿಗೆ ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ಎಲ್ಲರೂ ಸಾಲಾಗಿ ಎಲೆಗೆ ಕೂತೆವು. ಪ್ರಸನ್ನ ಅವರು ಪಂಚೆ ಉಟ್ಟು, ಸ್ವತಃ ಹೋಳಿಗೆ ಹಿಡಿದು ಬಂದು ಹಿರಾನೊ ಸಾನ್ ಎಲೆಯ ಮುಂದೆ ನಿಂತರು. “ಒಬ್ಬಟ್ಟು ಸಾರ್! ಫೆಸ್ಟಿವಲ್! ನೋ ಅನ್ಬಾರ್ದು!” ಒಂದು ಹಾಕಿದರು, ತುಪ್ಪ ಸುರಿದರು. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಹಿರಾನೊ ಸಾನ್ ಒಮ್ಮೆ ನನ್ನತ್ತ ನೋಡಿದರು. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ. ಪೂರ್ತಿ ತಿಂದರು. ಇನ್ನೊಂದು ಬಿತ್ತು, ಅದನ್ನೂ ತಿಂದರು. ಅಬ್ಬ, ಕಡೆಗೂ ಒಂದು ರುಚಿ ಹತ್ತಿತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಅರ್ಧ ಗಂಟೆಯೂ ಆಗಿರಲಿಲ್ಲ. ಏಳನೇ ಯಂತ್ರದ ಪಕ್ಕ ಅವರು ನೆಲಕ್ಕೆ ಕುಸಿದು ಕೂತಿದ್ದರು. ಮುಖ ಸುಣ್ಣದ ಬಣ್ಣ, ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು. ಕೈ ಮುಟ್ಟಿದರೆ ಐಸು. ನಾನು ಆಂಬುಲೆನ್ಸಿಗೆ ಕೂಗಿದೆ. ಅವರು ನನ್ನ ಸೆರಗಿನ ತುದಿ ಬಿಗಿಯಾಗಿ ಹಿಡಿದುಕೊಂಡರು.

“ನೋ ಹಾಸ್ಪಿಟಲ್. ಗಿರಿಜಾ ಸಾನ್, ಪ್ಲೀಸ್. ನೋ ಹಾಸ್ಪಿಟಲ್.”

ಕಾರ್ಖಾನೆಯ ನರ್ಸ್ ಓಡಿ ಬಂದು ಮಲಗಿಸಿ, ರಕ್ತದೊತ್ತಡ ನೋಡಿ, ಸ್ವಲ್ಪ ಹೊತ್ತು ಕಾಯೋಣ ಎಂದರು. ಆ ಸ್ವಲ್ಪ ಹೊತ್ತು ಎಷ್ಟಿತ್ತೆಂದು ಕೇಳಬೇಡಿ. ನಾನು ಅವರ ಎದೆ ಏರಿ ಇಳಿಯುವುದನ್ನೇ ನೋಡುತ್ತ ನಿಂತಿದ್ದೆ. ನಿಧಾನವಾಗಿ ಕೆನ್ನೆಗೆ ಬಣ್ಣ ಬಂತು. ಎದ್ದು ಕೂತು, ಮೊದಲು ಮಾಡಿದ ಕೆಲಸ, ತೊಂದರೆ ಕೊಟ್ಟೆನೆಂದು ನರ್ಸಿಗೆ ಬಾಗಿ ಕ್ಷಮೆ ಕೇಳಿದ್ದು.

ಅವರನ್ನು ಕಂಪನಿ ಕೊಟ್ಟಿದ್ದ ಮನೆಗೆ ಬಿಡಲು ನಾನೂ ಕಾರು ಹತ್ತಿದೆ. ಚಾಲಕ ಮುನಿರಾಜು ಹೊಸೂರು ರಸ್ತೆಗೆ ಬಂದವರೇ ಕನ್ನಡಿಯಲ್ಲಿ ನನ್ನನ್ನು ನೋಡಿ ಬಾಯಿ ಬಿಟ್ಟರು.

“ಮೇಡಂ, ಒಂದ್ ಮಾತು ಏಳ್ಲಾ? ಇವ್ರನ್ನ ಜಪಾನ್ ರತ್ನಮ್ಮನ ತಾವ ಕರ್ಕೊಂಡೋಗ್ಬಾರ್ದಾ?”

“ಯಾರದು ಜಪಾನ್ ರತ್ನಮ್ಮ?”

“ನಿಮ್ ಬೇಗೂರೇ ಮೇಡಂ. ದೇವಸ್ಥಾನದ ಇಂದಿನ ಬೀದಿ. ಮೊದ್ಲು ಗೆಸ್ಟ್ ಅವ್ಸಲ್ಲಿ ಜಪಾನ್ನವ್ರಿಗೆ ಅಡ್ಗೆ ಮಾಡ್ತಿದ್ರು. ಅದು ಮುಚ್ಚೋಯ್ತು, ಈಗ ಮನೇಲೇ ಮಾಡ್ಕೊಡ್ತಾರೆ. ನಮ್ ಕ್ಯಾಂಟೀನ್ ಊಟಕ್ಕಿಂತ ಒಂಚೂರು ಜಾಸ್ತಿ ಆಗ್ಬೌದು, ಅಷ್ಟೇಯ.”

“ಮೂರು ವಾರದಿಂದ ಊರೆಲ್ಲ ಸುತ್ತಿದೀನಿ, ಗಾಡಿ ಓಡಿಸಿದವರೇ ನೀವು! ಮೊದಲೇ ಹೇಳೋದಲ್ವಾ ಮುನಿರಾಜು?”

“ನೀವು ಮೊಬೈಲಲ್ಲಿ ನೋಡ್ತಿದ್ರಿ. ನನ್ನ ಕೇಳ್ಲಿಲ್ವಲ್ಲ ಮೇಡಂ.”

ಒಂಬತ್ತು ವರ್ಷದಿಂದ ನಾನು ಬೇಗೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ನನ್ನ ಬಾಲ್ಕನಿಯಿಂದ ಆ ದೇವಸ್ಥಾನದ ಗೋಪುರ ಕಾಣುತ್ತದೆ. ಅದರ ಹಿಂದಿನ ಬೀದಿಗೆ ನಾನು ಒಮ್ಮೆಯೂ ಹೋಗಿರಲಿಲ್ಲ.

ರತ್ನಮ್ಮನವರದು ಅಲ್ಲಿನ ಹಳೆಯ ಮನೆತನ. ಹಿಂದಿದ್ದ ರಾಗಿ ಹೊಲದ ತುಂಡಿನಲ್ಲಿ ಮೂರಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟು, ತಾವು ನೆಲಮಹಡಿಯಲ್ಲಿದ್ದರು. ನೈಟಿಯ ಮೇಲೊಂದು ಟವೆಲ್ ಹೊದ್ದು ಬಾಗಿಲಿಗೆ ಬಂದವರು, ಹಿರಾನೊ ಸಾನ್ ಅವರನ್ನು ಕಂಡೊಡನೆ ಸೊಂಟ ಬಾಗಿಸಿ ಜಪಾನಿಯಲ್ಲಿ ಏನೋ ಸ್ವಾಗತ ಹೇಳಿದರು. ಇವರು ಬೆಚ್ಚಿ, ತಡಬಡಿಸಿ, ಅದಕ್ಕಿಂತ ಕೆಳಗೆ ಬಾಗಿದರು.

ಒಳಗೆ ಕೂರಿಸಿ, ಅವರು ಕೂತ ಬಗೆಯನ್ನೇ ರತ್ನಮ್ಮ ಗಮನಿಸಿದರು. ಆಮೇಲೆ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ದನಿ ತಗ್ಗಿಸಿದರು.

“ಈವಪ್ಪಂಗೆ ಒಟ್ಟೆ ಆಪರೇಸನ್ ಆಗೈತೇನಮ್ಮ?”

“ನನಗೆ ಗೊತ್ತಿಲ್ಲ. ಹಾಗೇನೂ ಹೇಳಿಲ್ಲ.”

“ನಮ್ಮೆಜಮಾನ್ರು ಕೊನೇ ಎಲ್ಡು ವರ್ಸ ಇಂಗೇ ಕೂರ್ತಿದ್ರು. ಅಲ್ನೋಡು, ಪಕ್ಕೆ ಅಮುಕ್ಕೊಂಡು. ಒಟ್ಟೇನ ಅರ್ಧ ತಗ್ದುಬಿಟ್ಟಿದ್ರು ಡಾಕ್ಟ್ರು. ಒಂದ್ ತುತ್ತು ಎಚ್ಚಾದ್ರೆ ಬೆವ್ರು, ಸಿಹಿ ತಿಂದ್ರಂತೂ ಮುಗೀತು.”

“ಇವತ್ತು ಎರಡು ಹೋಳಿಗೆ ತಿನ್ನಿಸಿಬಿಟ್ವಿ,” ಎಂದೆ.

ರತ್ನಮ್ಮ ಒಂದು ಪುಟ್ಟ ಸ್ಟೀಲ್ ಬಟ್ಟಲಲ್ಲಿ ಗಂಜಿಯಂಥ ಅನ್ನ, ಹೆಬ್ಬೆರಳಿನಷ್ಟು ಬೇಯಿಸಿದ ಮೀನು, ಒಂದು ಲೋಟದ ತಳದಲ್ಲಿ ಮೀಸೊ ಸಾರು ತಂದಿಟ್ಟರು. ಮೀಸೊ ಎಂದರೆ ಸೋಯಾ ಕಾಳನ್ನು ಉಪ್ಪಿನಲ್ಲಿ ಹುಳಿಬರಿಸಿದ ಹಿಟ್ಟಿನಂಥ ಪದಾರ್ಥ. ಅದನ್ನು ಮೀನಿನ ರಸದಲ್ಲಿ ಕದಡುತ್ತಾರೆ, ಆದ್ದರಿಂದ ನಾನು ರುಚಿ ನೋಡುವಂತಿರಲಿಲ್ಲ. ನನಗೊಂದು ಲೋಟ ಮಜ್ಜಿಗೆ ಬಂತು. “ಇಷ್ಟೇ. ಅರ್ಧ ಗಂಟೆ ಬಿಟ್ಕಂಡು ಇನ್ನೊಂದ್ ಬಟ್ಲು. ಒಟ್ಟಿಗೆ ಬ್ಯಾಡ ಅಂತ ಏಳಮ್ಮ ಅವ್ರಿಗೆ.”

ಹೇಳುವ ಅಗತ್ಯವೇ ಬರಲಿಲ್ಲ. ಹಿರಾನೊ ಸಾನ್ ಬಟ್ಟಲಿನ ಗಾತ್ರ ನೋಡಿದರು, ರತ್ನಮ್ಮನ ಮುಖ ನೋಡಿದರು. ತಮ್ಮ ಗುಟ್ಟು ಬಯಲಾಯಿತೆಂದು ಅವರಿಗೆ ಆ ಕ್ಷಣವೇ ತಿಳಿದಿರಬೇಕು. ನಿಧಾನವಾಗಿ ತಿನ್ನತೊಡಗಿದರು. ನಾನು ಮಜ್ಜಿಗೆ ಮರೆತು ಅವರ ಹಣೆಯನ್ನೇ ನೋಡುತ್ತಿದ್ದೆ, ಎಲ್ಲಿ ಬೆವರು ಮೂಡುತ್ತದೋ ಎಂದು. ಮೂಡಲಿಲ್ಲ. ಬಟ್ಟಲು ಬರಿದಾದ ಮೇಲೆ ಅದಕ್ಕೆ ರತ್ನಮ್ಮ ತಂದಿಟ್ಟ ಹಾಲು ಸಕ್ಕರೆಯಿಲ್ಲದ ಬಿಸಿ ಚಹಾ ಒಂಚೂರು ಸುರಿದು, ಸುತ್ತಲೂ ಆಡಿಸಿ, ಕುಡಿದುಬಿಟ್ಟರು.

ನನಗೆ ದಾವಣಗೆರೆಯ ನಮ್ಮ ಅಜ್ಜ ಕಣ್ಣಮುಂದೆ ಬಂದರು. ಊಟವಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತೊಳೆದು, ಆ ನೀರನ್ನು ಕುಡಿಯುತ್ತಿದ್ದರು. ತಟ್ಟೆಯಲ್ಲಿರುವುದು ಪ್ರಸಾದ, ಚೆಲ್ಲುವಂತಿಲ್ಲ. ನಾನೋ ಹಾಗಲಕಾಯಿ ಪಲ್ಯವನ್ನು ಲಂಗದ ಜೇಬಿಗೆ ತುಂಬಿಕೊಂಡು ಹಿತ್ತಿಲಲ್ಲಿ ಎಸೆಯುತ್ತಿದ್ದವಳು. ಒಂದು ದಿನ ಎಸೆಯಲು ಮರೆತೆ. ಮರುದಿನ ಆ ಲಂಗಕ್ಕೆ ಇರುವೆ ಮುತ್ತಿ, ಶಾಲೆಯ ಪ್ರಾರ್ಥನೆಯ ನಡುವೆ ನಾನು ಕುಣಿದ ಕುಣಿತವನ್ನು ಟೀಚರುಗಳು ಬಹುಕಾಲ ನೆನೆಸಿಕೊಂಡು ನಗುತ್ತಿದ್ದರು. ಅಜ್ಜ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಆ ರಾತ್ರಿ ನನ್ನ ತಟ್ಟೆಯ ಅರ್ಧ ಪಲ್ಯವನ್ನು ತಮ್ಮ ತಟ್ಟೆಗೆ ಹಾಕಿಕೊಂಡು, “ತಿನ್ನೋ ಅಷ್ಟೇ ಹಾಕಿಸ್ಕೋಬೇಕು ಮಗಳೇ” ಎಂದರು. ಹಿರಾನೊ ಸಾನ್ ಎರಡೇ ಚಮಚ ಹಾಕಿಸಿಕೊಳ್ಳುತ್ತಿದ್ದದ್ದು ಯಾಕೆ, ಎಲೆಗೆ ಬಿದ್ದ ಹೋಳಿಗೆಯನ್ನು ಬಿಡದೆ ತಿಂದದ್ದು ಯಾಕೆ ಎಂದು ನನಗೆ ಅಲ್ಲಿ ತಿಳಿಯಿತು.

ಅಂದು ಅವರೇ ಹೇಳಿದರು. ಎರಡು ವರ್ಷದ ಹಿಂದೆ ಹೊಟ್ಟೆಯಲ್ಲಿ ಗಡ್ಡೆ. ಹೊಟ್ಟೆಯ ಅರ್ಧ ಭಾಗ ತೆಗೆದಿದ್ದಾರೆ. ಗುಣವಾಗಿದೆ ಎಂದು ವೈದ್ಯರ ಪತ್ರವಿದೆ. ಆದರೆ ಊಟ ಇನ್ನೂ ಇಷ್ಟು ಕಷ್ಟ ಎನ್ನುವುದನ್ನು ತಮ್ಮ ಕಚೇರಿಗೆ ಹೇಳಿಲ್ಲ. ಹೇಳಿದ್ದರೆ ಕಳಿಸುತ್ತಿರಲಿಲ್ಲ. ನಿವೃತ್ತಿಗೆ ಮುಂಚಿನ ಕೊನೆಯ ಕೆಲಸ ಇದು. “ಗಿರಿಜಾ ಸಾನ್, ಯಾರಿಗೂ ಹೇಳಬೇಡಿ” ಎಂದು ತಲೆ ಬಾಗಿಸಿದರು. ನಾನು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ.

ಹಬ್ಬದ ರಜೆ ಮುಗಿಸಿ ಕೆಲಸಕ್ಕೆ ಹೋದ ದಿನವೇ ಪ್ರಸನ್ನ ಬಾಗಿಲು ಹಾಕಿ ನನ್ನನ್ನು ಕೂರಿಸಿದರು.

“ಮೇಡಂ, ಅವ್ರಿಗೇನೋ ಕಾಯಿಲೆ ಇದೆ. ನಿಮಗೆ ಗೊತ್ತು.”

ನಾನು ಮೇಜಿನ ಮೇಲಿದ್ದ ಪೇಪರ್‌ವೇಟು ನೋಡಿದೆ.

“ಒಂದು ಮೇಲ್ ಹಾಕಿದ್ರೆ ಸಾಕು, ವಾಪಸ್ ಕರೆಸ್ಕೋತಾರೆ. ಬೇರೆಯವ್ರು ಬರ್ತಾರೆ, ಯಾರೋ ಚಿಕ್ಕವಯಸ್ಸಿನವ್ರು. ಈ ಮನುಷ್ಯ ಮೂರು ವಾರದಲ್ಲಿ ಒಂದು ಮಷೀನೂ ಪಾಸ್ ಮಾಡಿಲ್ಲ ಕಣ್ರೀ. ಇವ್ರು ಇದ್ರೆ ನಮ್ಮ ಕಥೆ ಅಷ್ಟೇ. ನಲವತ್ತು ಜನದ್ದೂ ಅಷ್ಟೇ.”

ನಲವತ್ತು ಜನರಲ್ಲಿ ಬಹಳ ಮಂದಿಯ ಹೆಸರು, ಮಕ್ಕಳ ಹೆಸರು ನನಗೆ ಗೊತ್ತು. ಕಾಯಿಲೆ ಬಿದ್ದವರ ಆರೈಕೆಗೆಂದು ಬರೆಯುವ ಕಾಗದ ಬೇರೆ, ಒಬ್ಬರನ್ನು ಓಡಿಸಲೆಂದು ಬರೆಯುವುದು ಬೇರೆ. ಆದರೆ ಮುಚ್ಚಿಟ್ಟು ನಾಳೆ ಅವರಿಗೆ ಏನಾದರೂ ಆದರೆ?

“ಹೇಳಬೇಕಾದ್ದನ್ನ ಅವರೇ ಹೇಳ್ತಾರೆ ಸಾರ್,” ಎಂದೆ. “ನಾನು ಹೇಳಲ್ಲ.”

“ನಾಳೆ ಸಾಯಂಕಾಲದ ತನಕ ಟೈಮ್ ಕೊಡ್ತೀನಿ. ಆಮೇಲೆ ನಾನೇ ಬರೀತೀನಿ.”

ಆ ಸಂಜೆ ಹಿರಾನೊ ಸಾನ್ ಮುಂದೆ ಕೂತು ನನ್ನ ಕುಂಟು ಇಂಗ್ಲಿಷಿನಲ್ಲಿ ಹೇಳಿದೆ: ನೀವೇ ನಿಮ್ಮ ಕಚೇರಿಗೆ ತಿಳಿಸಿ. ನೀವು ಯಂತ್ರದ ತಪ್ಪನ್ನು ಮುಚ್ಚಿಡಲು ಬಿಡುವುದಿಲ್ಲ, ಇದನ್ನು ಮಾತ್ರ ಮುಚ್ಚಿಡುವುದು ಹೇಗೆ? ಅವರ ಮುಖ ಬಿಗಿಯಿತು. ಎದ್ದು ಹೊರಗೆ ಹೋದರು. ಕೆಟ್ಟೆನಲ್ಲ ಎಂದುಕೊಂಡೆ.

ಹಬ್ಬದ ರಜೆಯಿಂದಲೂ ಅವರ ತಿಂಡಿ ರತ್ನಮ್ಮನ ಮನೆಯಲ್ಲೇ. ಮರುದಿನ ಬೆಳಿಗ್ಗೆ ನನ್ನ ಜೊತೆ ಅಲ್ಲಿಗೆ ಬಂದವರು ಬಟ್ಟಲು ಮುಟ್ಟದೆ ಹಿಂದಿನ ವರಾಂಡಕ್ಕೆ ಹೋಗಿ ಫೋನು ಹಚ್ಚಿದರು. ಗೋಡೆಗೆ ಮುಖ ಮಾಡಿ ಮಾತಾಡುತ್ತಿದ್ದರು. ನಡುನಡುವೆ ಗೋಡೆಗೇ ಬಾಗುತ್ತಿದ್ದರು. ರತ್ನಮ್ಮ ಒಲೆ ಆರಿಸಿ, ಸೌಟು ಹಿಡಿದೇ ನಿಂತಿದ್ದರು. “ಏನಂತಾರಮ್ಮ?” “ನನಗೆ ಆ ಭಾಷೆ ಬರಲ್ಲ ರತ್ನಮ್ಮ.” “ನಂಗೂ ಊಟದ ಮಾತಷ್ಟೇ ಬರಾದು.” ಮೇಲಿನ ಮನೆಯವರ ವಾಷಿಂಗ್ ಮಷೀನು ತಿರುಗಿ ತಿರುಗಿ ನಿಂತಿತು. ಮಾತು ಇನ್ನೂ ನಡೆದಿತ್ತು. ಕೊನೆಗೆ ಅವರು ಫೋನು ಜೇಬಿಗಿಟ್ಟು, ಒಳಗೆ ಬಂದು ಕಚೇರಿಯವರ ಷರತ್ತು ತಿಳಿಸಿದರು. ವಾರಕ್ಕೊಮ್ಮೆ ವೈದ್ಯರಿಗೆ ತೋರಿಸಬೇಕು, ಪತ್ರ ಕಳಿಸಬೇಕು. ಹಾಗಾದರೆ ಇರಬಹುದು.

ರತ್ನಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅವರು ಟವೆಲಿನಿಂದ ಕಣ್ಣೊರೆಸಿಕೊಂಡು, “ಸರಿ, ಗಂಜಿ ಆರೋಗ್ತದೆ, ಕೂತ್ಕಳಕ್ಕೇಳು” ಎಂದರು.

ಅಂದಿನಿಂದ ಮುನಿರಾಜು ಕಾರಿನಲ್ಲಿ ದಿನಾ ಆರು ಪುಟ್ಟ ಡಬ್ಬಿ ಬರತೊಡಗಿದವು. ಮೇಲ್ ಬರೆಯಲು ಏನೂ ಉಳಿಯದ ಪ್ರಸನ್ನ ನನ್ನೊಡನೆ ಕೆಲಸಕ್ಕೆಷ್ಟೋ ಅಷ್ಟೇ ಮಾತಾಡಿದರು. ಹಿರಾನೊ ಸಾನ್‌ಗೆ ಬಲ ಬಂದ ಹಾಗೆ ಅವರ ಕಣ್ಣೂ ಚುರುಕಾಯಿತು; ಆರನೇ ವಾರ ಸಿದ್ಧವಾಗಿದ್ದ ಸರಕನ್ನೆಲ್ಲ ತಿರಸ್ಕರಿಸಿಬಿಟ್ಟರು. ಅಳೆಯುವ ಸಾಧನವೇ ಕೂದಲೆಳೆಯಷ್ಟು ತಪ್ಪಿದೆ ಎಂದರು. ಪ್ರಸನ್ನ ಕಾರಿಡಾರಿನಲ್ಲಿ ನನ್ನನ್ನು ತಡೆದು, “ಚೆನ್ನಾಗಿ ಊಟ ಹಾಕಿದ್ರಿ ಮೇಡಂ, ನೋಡಿ ಈಗ” ಎಂದು ಹೋದರು. ಮೂರು ದಿನ ನನಗೆ ಅನ್ನ ಸೇರಲಿಲ್ಲ. ಸಾಧನವನ್ನು ಬೇರೆ ಕಡೆ ಪರೀಕ್ಷೆ ಮಾಡಿಸಿದಾಗ ತಪ್ಪು ನಿಜವೆಂದು ಬಂತು. ಬ್ರೇಕಿನ ಭಾಗ ಅದು; ಹಾಗೇ ಹೋಗಿದ್ದರೆ ಎಂಬ ಯೋಚನೆಗೆ ಪ್ರಸನ್ನ ಕೂಡ ಸುಮ್ಮನಾದರು. ಎಲ್ಲವನ್ನೂ ಮತ್ತೆ ಮಾಡಿದರು. ಹಿರಾನೊ ಸಾನ್ ಡಬ್ಬಿ ಹಿಡಿದುಕೊಂಡೇ ಕೆಲಸಗಾರರ ಪಕ್ಕ ನಿಂತರು. ಎಂಟನೇ ವಾರದ ಗುರುವಾರ ಸಹಿ ಬಿತ್ತು.

ಶುಕ್ರವಾರ ಮಧ್ಯಾಹ್ನ ಕೊನೆಯ ಊಟಕ್ಕೆ ರತ್ನಮ್ಮನ ಮನೆಗೆ ಬಂದೆವು. ಮರುದಿನ ಅವರ ವಿಮಾನ. ಬಡಿಸಿದ ಮೇಲೆ ರತ್ನಮ್ಮ ಗೋಡೆಗೊರಗಿ ನಿಂತು ಕೇಳಿದರು:

“ಅನ್ನೊಂದು ವರ್ಸದಿಂದ ಮಾಡ್ತಿದೀನಿ ಕಣಮ್ಮ. ಗೆಸ್ಟ್ ಅವ್ಸಲ್ಲಿ ಒಬ್ಬ ನೇಪಾಳದವ್ನು ಆರು ತಿಂಗ್ಳು ಏಳ್ಕೊಟ್ಟು ಓಗ್ಬಿಟ್ಟ. ಬಂದೋರೆಲ್ಲ ಚಂದಾಗೈತೆ, ಚಂದಾಗೈತೆ ಅಂತಾರೆ. ಮರ್ವಾದೆಗೆ ಅಂತಾರೋ ನಿಜವೋ ನಂಗೊತ್ತಿಲ್ಲ. ಇವ್ರು ತಪ್ಪು ಇಡಿಯೋ ಕೆಲ್ಸದೋರಲ್ವಾ, ಕೇಳು. ನನ್ ಸಾರು ಸರಿಗೈತಾ?”

ಕೇಳಿದೆ. ಹಿರಾನೊ ಸಾನ್ ಲೋಟ ಕೆಳಗಿಟ್ಟರು. ದೇವರೇ, ಚೆನ್ನಾಗಿದೆ ಎಂದುಬಿಡಲಿ ಎಂದು ನಾನು ಬೇಡಿಕೊಂಡೆ. ಅವರು ತಲೆ ಎತ್ತಿ, ಒಂದೊಂದೇ ಪದ ಆರಿಸಿ ಹೇಳಿದರು: ಮೀಸೊ ಹಾಕಿದ ಮೇಲೆ ಕುದಿಸಬಾರದು. ಒಲೆ ಆರಿಸಿ ಆಮೇಲೆ ಕದಡಬೇಕು. ಕುದಿಸಿದರೆ ಪರಿಮಳ ಸತ್ತುಹೋಗುತ್ತದೆ. ಇವರು ಕುದಿಸುತ್ತಾರೆ.

ರತ್ನಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು! ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿ, ಅವರು ಹೇಳಿದ್ದನ್ನೇ ಹೇಳಿದೆ.

“ಅನ್ನೊಂದು ವರ್ಸ,” ಎಂದರು ರತ್ನಮ್ಮ ಮೆಲ್ಲಗೆ. “ಒಬ್ರೂ ಏಳ್ಲಿಲ್ಲ.” ಆಮೇಲೆ ಹಿರಾನೊ ಸಾನ್ ಮುಂದಿನ ಲೋಟ ಎತ್ತಿಕೊಂಡು, “ಕೂತಿರಕ್ಕೇಳು, ಏಳ್ಬಾರ್ದು” ಎಂದು ಒಳಗೆ ಹೋದರು. ಪಾತ್ರೆಯ ಸದ್ದು, ನೀರಿನ ಸದ್ದು. ಸಿಟ್ಟೋ ದುಃಖವೋ ತಿಳಿಯದೆ ನಾನು ಬಾಗಿಲನ್ನೇ ನೋಡುತ್ತ ಕೂತೆ. ಹಿರಾನೊ ಸಾನ್ ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಒಲೆಯ ಗುಂಡಿ ಟಕ್ಕೆಂದು ಆರಿದ ಸದ್ದು ಕೇಳಿಸಿತು.

ಹೊಸ ಸಾರು ಬಂತು. ಅವರು ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಹಬೆಗೆ ಮುಖ ಒಡ್ಡಿ, ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು. ರತ್ನಮ್ಮ ಸೌಟು ಹಿಡಿದು ನಿಂತೇ ಇದ್ದರು. ಲೋಟ ಬರಿದಾಯಿತು. ಎರಡು ಚಮಚದ ಮೇಲೆ ಎಂದೂ ಏನನ್ನೂ ಕೇಳದಿದ್ದ ಹಿರಾನೊ ಸಾನ್, ಆ ಖಾಲಿ ಲೋಟವನ್ನು ಎರಡೂ ಕೈಯಲ್ಲಿ ರತ್ನಮ್ಮನತ್ತ ಚಾಚಿ, ಎಂಟು ವಾರದಲ್ಲಿ ಕೇಳಿ ಕೇಳಿ ಕಲಿತಿದ್ದ ಕನ್ನಡದಲ್ಲಿ ಹೇಳಿದರು:

“ಇನ್ನೂ ಸೊಲ್ಪ.”